ಎರಡು ಗ್ರೌಂಡುಗಳ ನಡುವಿನ 60 ಮಿಲಿವೋಲ್ಟ್

(ತಾಂತ್ರಿಕ ವಿದ್ಯಾರ್ಥಿಗಳು ಹಾಗೂ ಕಾರ್ಖಾನೆಗಳ ನಿರ್ವಹಣಾ ವಿಭಾಗದವರ ಮುಂದೆ ಬೆಳಗಾವಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ ಇದು. ಬರಹಕ್ಕೆ ಇಳಿಸುವಾಗ ಕೆಲವು ಲೆಕ್ಕಗಳನ್ನು ಬಿಡಿಸಿ ಹೇಳಿದ್ದೇನೆ, ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಮಿತ್ರರೆ, ಇವತ್ತಿನ ವಿಷಯ ಗ್ರೌಂಡು, ಅಂದರೆ ಸೊನ್ನೆ ವೋಲ್ಟ್ ಎಂದು ಹಿಡಿದು ಅಳೆಯುವ ಆಧಾರ ಬಿಂದು, ಎರಡು ಕಡೆ ಬೇರೆಯಾದಾಗ ಅಳತೆ ಹೇಗೆ ತಪ್ಪುತ್ತದೆ ಎಂಬುದು. ಇದನ್ನು ಸೂತ್ರದಿಂದ ಆರಂಭಿಸುವುದಕ್ಕಿಂತ ಒಂದು ಕುಲುಮೆಯಿಂದ ಆರಂಭಿಸುವುದು ಒಳ್ಳೆಯದು. ಉಕ್ಕಿನ ಬಿಡಿಭಾಗಗಳನ್ನು 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡಸುಗೊಳಿಸುವ ಒಂದು ಕಾರ್ಖಾನೆಯಲ್ಲಿ, ಕುಲುಮೆಯ ಎಂಟು ಜಾಗಗಳ ತಾಪಮಾನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆಯನ್ನು ಕೆಲವು ವರ್ಷಗಳ ಹಿಂದೆ ನಾನು ಜೋಡಿಸಿದ್ದೆ. ಕುಲುಮೆ ಶೆಡ್ಡಿನ ಒಂದು ತುದಿಯಲ್ಲಿತ್ತು. ವೋಲ್ಟೇಜುಗಳನ್ನು ಓದಿ ಅಂಕಿಗಳನ್ನಾಗಿ ಮಾಡುವ ಡೇಟಾ ಅಕ್ವಿಸಿಷನ್ ಬೋರ್ಡ್ ಕೂಡಿಸಿದ್ದ ಕಂಪ್ಯೂಟರ್ 60 ಮೀಟರ್ ಆಚೆ, ಇನ್ನೊಂದು ತುದಿಯ ಕೋಣೆಯಲ್ಲಿತ್ತು. ಕುಲುಮೆಗೇ ಹತ್ತಿಕೊಂಡಿದ್ದ ಹಳೆಯ ನಿಯಂತ್ರಕ 850 ತೋರಿಸುತ್ತಿದ್ದಾಗ ನನ್ನ ಕಂಪ್ಯೂಟರ್ 780ರ ಆಸುಪಾಸಿನಲ್ಲಿ ನಿಂತಿರುತ್ತಿತ್ತು. ಯಾವುದನ್ನು ನಂಬಬೇಕೆಂಬ ಚರ್ಚೆ ನಡೆಯುತ್ತಿದ್ದಾಗ, ಇಪ್ಪತ್ತು ವರ್ಷ ಆ ಕುಲುಮೆಯ ಮುಂದೆಯೇ ನಿಂತು ಕೆಲಸ ಮಾಡಿದ್ದ ಮೇಸ್ತ್ರಿ ಬಾಗಿಲಿನ ಕಿಂಡಿ ತೆರೆದು ತೋರಿಸಿ, "ಸಾಹೇಬ್ರ, ಬಣ್ಣ ನೋಡ್ರಿ. ಇದು ಏಳ್ನೂರಾ ಎಂಬತ್ತರ ಬಣ್ಣ ಅಲ್ರಿ" ಅಂದರು. ಅವರ ಮಾತು ಸರಿಯಾಗಿತ್ತು. ತಪ್ಪು ಇದ್ದದ್ದು ನನ್ನ ತಂತಿ ಜೋಡಣೆಯಲ್ಲಿ.

ವ್ಯತ್ಯಾಸ ಸುಮಾರು 70 ಡಿಗ್ರಿ ಇರುವುದರಿಂದ ಸಾಫ್ಟ್‌ವೇರಿನಲ್ಲಿ 70 ಕೂಡಿಸಿಬಿಡಿ ಎಂದು ಅಲ್ಲಿಯ ಹಿರಿಯರೊಬ್ಬರು ಸಲಹೆ ಕೊಟ್ಟರು. ಅಂದು ಸಂಜೆ ಬ್ಲೋವರ್ (ಮೋಟಾರಿನಿಂದ ಗಾಳಿ ಊದುವ ಯಂತ್ರ) ನಿಲ್ಲಿಸಿದೊಡನೆ ಕಂಪ್ಯೂಟರಿನ ಅಂಕಿ ಒಂದೇ ಕ್ಷಣದಲ್ಲಿ ನಿಯಂತ್ರಕದ ಅಂಕಿಗೆ ಬಂದು ಕೂಡದೆ ಹೋಗಿದ್ದರೆ ನಾನೂ ಆ ದಾರಿಯನ್ನೇ ಹಿಡಿಯುತ್ತಿದ್ದೆನೇನೋ. ಟನ್‌ಗಟ್ಟಲೆ ಇಟ್ಟಿಗೆ ಮತ್ತು ಉಕ್ಕಿರುವ ಕುಲುಮೆ ಒಂದು ಕ್ಷಣದಲ್ಲಿ 70 ಡಿಗ್ರಿ ಏರುವುದು ಸಾಧ್ಯವೇ ಇಲ್ಲ. ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟ್‌ಗೆ ಇಟ್ಟು, ಉದ್ದನೆಯ ತಂತಿಯೊಂದನ್ನು ಎಳೆದು, ಒಂದು ಮೊನೆಯನ್ನು ಕುಲುಮೆಯ ಮೈಗೂ ಇನ್ನೊಂದನ್ನು ಬೋರ್ಡಿನ ಗ್ರೌಂಡ್ ಟರ್ಮಿನಲ್‌ಗೂ ಹಿಡಿದೆ. ಬ್ಲೋವರ್ ಓಡುತ್ತಿದ್ದಾಗ 60 ಮಿಲಿವೋಲ್ಟ್ ಇತ್ತು, ನಿಂತಾಗ 8 ಮಿಲಿವೋಲ್ಟ್‌ಗೆ ಇಳಿಯಿತು.

60 ಮಿಲಿವೋಲ್ಟ್ ಕೈಗೆ ತಾಕಿದರೆ ಗೊತ್ತೂ ಆಗುವುದಿಲ್ಲ. ಆದರೆ ಕುಲುಮೆಯ ತಾಪ ಅಳೆಯುತ್ತಿದ್ದ ಕೆ ಮಾದರಿಯ ಥರ್ಮೋಕಪಲ್, ಅಂದರೆ ಎರಡು ಬೇರೆ ಬೇರೆ ಮಿಶ್ರಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದ ಸಂವೇದಕ, ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. 850 ಡಿಗ್ರಿಗೆ ಅದರ ಒಟ್ಟು ವೋಲ್ಟೇಜ್ 35.3 ಮಿಲಿವೋಲ್ಟ್. ಅಂದರೆ ನಾವು ಅಳೆಯಹೊರಟ ಸಂಕೇತಕ್ಕಿಂತ ಎರಡು ಗ್ರೌಂಡುಗಳ ನಡುವಿನ ವಿಭವಾಂತರವೇ ದೊಡ್ಡದಾಗಿತ್ತು.

ಗ್ರೌಂಡ್ ಎಂದರೆ ಎಲ್ಲೆಡೆಯೂ ಸೊನ್ನೆ ವೋಲ್ಟ್ ಎಂದು ನಾವು ಕಾಲೇಜಿನಲ್ಲಿ ಕಲಿತಿರುತ್ತೇವೆ, ಏಕೆಂದರೆ ನಕ್ಷೆಯಲ್ಲಿ ಎಲ್ಲ ಕಡೆಗೂ ಒಂದೇ ಚಿಹ್ನೆ ಬರೆದಿರುತ್ತಾರೆ. ಮಲೆನಾಡಿನ ಇಳಿಜಾರಿನಲ್ಲಿ ಕಟ್ಟಿದ ಮನೆಯನ್ನು ನೆನಪಿಸಿಕೊಳ್ಳಿ. ಅಂಗಳದಲ್ಲಿ ನಿಂತು ಮಾಡಿನ ಎತ್ತರ ಅಳೆದವನಿಗೆ ಒಂದು ಲೆಕ್ಕ ಸಿಗುತ್ತದೆ, ಹಿತ್ತಿಲಲ್ಲಿ ನಿಂತು ಅಳೆದವನಿಗೆ ಇನ್ನೊಂದು ಸಿಗುತ್ತದೆ. ಇಬ್ಬರೂ ನೆಲದಿಂದಲೇ ಅಳೆದಿದ್ದಾರೆ, ಆದರೆ ನೆಲವೇ ಬೇರೆ. ವೋಲ್ಟೇಜ್ ಕೂಡ ಯಾವಾಗಲೂ ಎರಡು ಬಿಂದುಗಳ ನಡುವಿನ ಅಳತೆ. ಒಂದು ಬಿಂದುವನ್ನು ಹೇಳದೆ ಇನ್ನೊಂದರ ವೋಲ್ಟೇಜ್ ಹೇಳುವುದಕ್ಕೆ ಬರುವುದಿಲ್ಲ.

ಈ ಏರುತಗ್ಗು ಹುಟ್ಟುವುದು ಗ್ರೌಂಡುಗಳನ್ನು ನೆಲಕ್ಕೆ ಸೇರಿಸುವ ಅರ್ತಿಂಗ್ ತಂತಿಯಲ್ಲಿ. ತಾಮ್ರಕ್ಕೂ ರೋಧವಿದೆ: ಒಂದು ಚದರ ಮಿಲಿಮೀಟರ್ ದಪ್ಪದ ತಂತಿ ಮೀಟರಿಗೆ ಸುಮಾರು 0.0172 ಓಮ್. 2.5 ಚದರ ಮಿಲಿಮೀಟರಿನ ಅರ್ತ್ ತಂತಿ 60 ಮೀಟರ್ ಓಡಿದರೆ 0.41 ಓಮ್ ಆಗುತ್ತದೆ. ಅದರಲ್ಲಿ 145 ಮಿಲಿಆಂಪಿಯರ್ ಹರಿದರೆ ಸಾಕು, ಆ ಎರಡು ತುದಿಗಳ ನಡುವೆ 60 ಮಿಲಿವೋಲ್ಟ್ ನಿಲ್ಲುತ್ತದೆ. ದೋಷವಿಲ್ಲದಾಗ ಅರ್ತ್ ತಂತಿಯಲ್ಲಿ ಏನೂ ಹರಿಯುವುದಿಲ್ಲ ಎಂಬ ನಂಬಿಕೆ ಕಾರ್ಖಾನೆಯಲ್ಲಿ ನಿಲ್ಲುವುದಿಲ್ಲ. ಮೋಟಾರಿನ ವೇಗ ಬದಲಿಸುವ ಡ್ರೈವ್‌ಗಳ ಫಿಲ್ಟರ್ ಕೆಪಾಸಿಟರ್‌ಗಳು, ಕಂಪ್ಯೂಟರುಗಳ ಪವರ್ ಸಪ್ಲೈಗಳು, ಕಾದು ಕೆಂಪಾದ ಹೀಟರುಗಳ ಸುತ್ತಲಿನ ಪಿಂಗಾಣಿ, ಎಲ್ಲವೂ ಸ್ವಲ್ಪ ಸ್ವಲ್ಪ ಪ್ರವಾಹವನ್ನು ಅರ್ತ್ ತಂತಿಗೆ ಸೋರಿಸುತ್ತಲೇ ಇರುತ್ತವೆ. ಒಂದೇ ಕಟ್ಟಡದ ಒಳಗೂ ಎರಡು ಗ್ರೌಂಡುಗಳ ನಡುವೆ ಒಂದರಿಂದ ನೂರು ಮಿಲಿವೋಲ್ಟ್‌ವರೆಗೆ ವ್ಯತ್ಯಾಸವಿರುವುದು ಸಾಮಾನ್ಯ. ವೈರಿಂಗ್ ಸರಿಯಿಲ್ಲದ ಕಡೆ ಅದು ವೋಲ್ಟ್‌ಗಳಿಗೂ ಏರಬಹುದು.

ಈಗ ನಾನು ಮಾಡಿದ ಜೋಡಣೆಗೆ ಬರೋಣ. ಆ ಥರ್ಮೋಕಪಲ್‌ಗಳ ಬೆಸುಗೆ ತುದಿಯನ್ನು ಲೋಹದ ಕವಚದ ತುದಿಗೇ ಬೆಸೆದಿರುತ್ತಾರೆ. ಬೇಗ ಸ್ಪಂದಿಸಲಿ ಎಂಬುದು ಅದರ ಉದ್ದೇಶ. ಕವಚ ಕುಲುಮೆಯ ಮೈಗೆ ತಾಗಿರುತ್ತದೆ, ಮೈ ಅರ್ತ್‌ಗೆ ಸೇರಿರುತ್ತದೆ. ಹೀಗಾಗಿ ಸಂಕೇತದ ಮೂಲವೇ ಗ್ರೌಂಡ್ ಆಗಿತ್ತು. ನಾನು ಹದಿನಾರು ಚಾನೆಲ್‌ಗಳ ಬೋರ್ಡನ್ನು ಸಿಂಗಲ್ ಎಂಡೆಡ್ ಕ್ರಮದಲ್ಲಿಟ್ಟು, ಪ್ರತಿಯೊಂದು ಥರ್ಮೋಕಪಲ್‌ನ ಧನ ತಂತಿಯನ್ನು ಒಂದೊಂದು ಚಾನೆಲ್‌ಗೂ, ಎಲ್ಲ ಋಣ ತಂತಿಗಳನ್ನು ಒಟ್ಟಾಗಿ ಬೋರ್ಡಿನ ಗ್ರೌಂಡಿಗೂ ಕೊಟ್ಟಿದ್ದೆ. ಆ ಕ್ಷಣದಲ್ಲಿ ಕುಲುಮೆಯ ಗ್ರೌಂಡ್ ಮತ್ತು ಕಂಪ್ಯೂಟರಿನ ಗ್ರೌಂಡ್ ಥರ್ಮೋಕಪಲ್ ತಂತಿಯ ಮೂಲಕವೇ ಒಂದಕ್ಕೊಂದು ಸೇರಿದವು. ಥರ್ಮೋಕಪಲ್ ತಂತಿಯ ಮಿಶ್ರಲೋಹಕ್ಕೆ ತಾಮ್ರಕ್ಕಿಂತ ಎಷ್ಟೋ ಹೆಚ್ಚು ರೋಧ. 60 ಮೀಟರಿಗೆ ಹತ್ತಾರು ಓಮ್ ಆಗುತ್ತದೆ. ಆದ್ದರಿಂದ ಆ 60 ಮಿಲಿವೋಲ್ಟ್ ಹೆಚ್ಚುಕಡಿಮೆ ಪೂರ್ತಿಯಾಗಿ ಋಣ ತಂತಿಯ ಉದ್ದಕ್ಕೂ ಬಿದ್ದು, ಥರ್ಮೋಕಪಲ್‌ನ ವೋಲ್ಟೇಜಿನ ಜೊತೆ ಸೇರಿಕೊಂಡೇ ಬೋರ್ಡಿಗೆ ತಲುಪುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಗ್ರೌಂಡುಗಳ ನಡುವಿನದು 50 ಹರ್ಟ್ಸ್‌ನ ಎಸಿ. ಅದರ ಒಂದು ಆವರ್ತ 20 ಮಿಲಿಸೆಕೆಂಡ್. ಅಷ್ಟು ಹೊತ್ತಿನ ಮಾದರಿಗಳ ಸರಾಸರಿ ತೆಗೆದರೆ ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಒಂದನ್ನೊಂದು ಅಳಿಸಿಹಾಕಬೇಕು. ನನ್ನ ಸಾಫ್ಟ್‌ವೇರ್ ಸರಾಸರಿ ತೆಗೆಯುತ್ತಲೇ ಇತ್ತು. ಹಾಗಿದ್ದೂ 70 ಡಿಗ್ರಿ ಕಡಿಮೆ ಬಂದದ್ದು ಹೇಗೆ?

ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಫಿಲ್ಟರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ಮುರಿಯುವುದು ಇಲ್ಲಿಯೇ. ಸಣ್ಣ ಸಂಕೇತವಾದ್ದರಿಂದ ಬೋರ್ಡನ್ನು ಧನ-ಋಣ 100 ಮಿಲಿವೋಲ್ಟ್ ವ್ಯಾಪ್ತಿಗೆ ಇಟ್ಟಿದ್ದೆ. ಥರ್ಮೋಕಪಲ್ ಕೊಡುವುದು ತನ್ನ ಎರಡು ತುದಿಗಳ ತಾಪದ ವ್ಯತ್ಯಾಸಕ್ಕೆ ತಕ್ಕ ವೋಲ್ಟೇಜ್. ಟರ್ಮಿನಲ್ ಬಳಿ 30 ಡಿಗ್ರಿ ಇದ್ದುದರಿಂದ ಅದರ ಪಾಲಿನ 1.2 ಮಿಲಿವೋಲ್ಟ್ ಕಳೆದು, ಬೋರ್ಡಿಗೆ ಬರಬೇಕಾದ ನಿಜವಾದ ಸಂಕೇತ ಸುಮಾರು 34 ಮಿಲಿವೋಲ್ಟ್. ಮೀಟರ್ ತೋರಿಸುವ 60 ಮಿಲಿವೋಲ್ಟ್ ಎಸಿ ಅಲೆಯ ಒಂದು ಬಗೆಯ ಸರಾಸರಿ (ಆರ್‌ಎಂಎಸ್); ಅಲೆಯ ತುದಿ ಅದರ 1.414 ಪಟ್ಟು, ಅಂದರೆ 85 ಮಿಲಿವೋಲ್ಟ್ ಮುಟ್ಟುತ್ತದೆ. ಎರಡೂ ಸೇರಿ ಮೇಲೆ 119ರವರೆಗೆ ಏರಬೇಕು, ಕೆಳಗೆ ಋಣ 51ರವರೆಗೆ ಇಳಿಯಬೇಕು. ಕೆಳಗಿನ ಇಳಿತ ವ್ಯಾಪ್ತಿಯ ಒಳಗೇ ಇದೆ. ಮೇಲಿನ ಏರಿಕೆಯನ್ನು ಮಾತ್ರ ಬೋರ್ಡ್ 100ರಲ್ಲಿ ಕತ್ತರಿಸಿಬಿಡುತ್ತದೆ. ಒಂದು ಕಡೆಯಷ್ಟೇ ತಲೆ ಕತ್ತರಿಸಿದ ಅಲೆಯ ಸರಾಸರಿ ಸೊನ್ನೆಯಾಗುವುದಿಲ್ಲ. ಲೆಕ್ಕ ಹಾಕಿದರೆ ಅದು ಸುಮಾರು 2.7 ಮಿಲಿವೋಲ್ಟ್‌ನಷ್ಟು ಕೆಳಗೆ ಬರುತ್ತದೆ. ತಾಪಮಾನದಲ್ಲಿ ಅದು ಸುಮಾರು 67 ಡಿಗ್ರಿ. ಬ್ಲೋವರ್ ನಿಂತಾಗ ಎಸಿಯ ತುದಿ 11 ಮಿಲಿವೋಲ್ಟ್ ಮಾತ್ರ, ಕತ್ತರಿಸುವಂಥದ್ದು ಏನೂ ಇಲ್ಲ, ಸರಾಸರಿ ತನ್ನ ಕೆಲಸ ಸರಿಯಾಗಿ ಮಾಡುತ್ತದೆ. ಪರದೆಯ ಮೇಲೆ ಅಂಕಿ ಎಷ್ಟು ಸ್ಥಿರವಾಗಿ ನಿಂತಿತ್ತೆಂದರೆ, ಅದು ತಪ್ಪಿರಬಹುದೆಂಬ ಸಂಶಯವೇ ಬರುವಂತಿರಲಿಲ್ಲ. ಕುಣಿಯುವ ಅಂಕಿಗಿಂತ ನೆಟ್ಟಗೆ ನಿಂತ ತಪ್ಪು ಅಂಕಿ ಹೆಚ್ಚು ಅಪಾಯಕಾರಿ. ಆ ಅಂಕಿಯನ್ನು ನಂಬಿ ಯಾರಾದರೂ ಉರಿ ಹೆಚ್ಚಿಸಿದ್ದರೆ ಕುಲುಮೆ 920 ಡಿಗ್ರಿ ಮುಟ್ಟಿ ಒಂದು ದಿನದ ಮಾಲೆಲ್ಲ ಕೆಡುತ್ತಿತ್ತು.

ಗ್ರೌಂಡ್ ಆದ ಮೂಲವನ್ನು ಗ್ರೌಂಡಿಗೆ ಹೋಲಿಸಿ ಅಳೆಯಬಾರದು. ಡಿಫರೆನ್ಷಿಯಲ್ ಕ್ರಮದಲ್ಲಿ ಬೋರ್ಡ್ ಧನ ಮತ್ತು ಋಣ ತಂತಿಗಳೆರಡನ್ನೂ ಬೇರೆ ಬೇರೆ ಒಳಹರಿವುಗಳಾಗಿ ತೆಗೆದುಕೊಂಡು ಅವುಗಳ ವ್ಯತ್ಯಾಸವನ್ನಷ್ಟೇ ಓದುತ್ತದೆ. ಅಂಗಳ, ಹಿತ್ತಿಲು ಎರಡನ್ನೂ ಬಿಟ್ಟು, ಅಳತೆಪಟ್ಟಿಯ ಎರಡೂ ತುದಿಗಳನ್ನು ಕಂಬಕ್ಕೇ ಹಿಡಿದಂತೆ. ಎರಡೂ ತಂತಿಗಳ ಮೇಲೆ ಸಮನಾಗಿ ಕೂತ 60 ಮಿಲಿವೋಲ್ಟ್‌ಗೆ ಕಾಮನ್ ಮೋಡ್ ವೋಲ್ಟೇಜ್ ಎನ್ನುತ್ತಾರೆ. ಅದನ್ನು ಪೂರ್ತಿ ತಳ್ಳಿಹಾಕಲು ಯಾವ ಆಂಪ್ಲಿಫೈಯರಿಗೂ ಆಗುವುದಿಲ್ಲ. ಆದರೆ 80 ಡೆಸಿಬೆಲ್‌ನಷ್ಟು ತಳ್ಳುವ ಶಕ್ತಿಯಿದ್ದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಅಂದರೆ 6 ಮೈಕ್ರೋವೋಲ್ಟ್, ಒಂದು ಡಿಗ್ರಿಯ ಏಳನೆಯ ಒಂದು ಭಾಗ. ಬೆಲೆ ಇಷ್ಟೇ: ಹದಿನಾರು ಚಾನೆಲ್‌ಗಳು ಎಂಟಾಗುತ್ತವೆ. ಚಾನೆಲ್ ಉಳಿಸುವ ಆಸೆಗೆ ಸಿಂಗಲ್ ಎಂಡೆಡ್ ಆರಿಸಿಕೊಂಡ ಜೋಡಣೆಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮಿಲಿವೋಲ್ಟ್‌ಗಳ ಸಂಕೇತಕ್ಕೆ ಆ ಉಳಿತಾಯ ಮಾಡಲೇಬೇಡಿ. ಒಂದು ವೋಲ್ಟಿಗಿಂತ ದೊಡ್ಡ ಸಂಕೇತ, ಮೂರು ಮೀಟರಿನೊಳಗಿನ ತಂತಿ, ಎಲ್ಲ ಮೂಲಗಳಿಗೂ ಒಂದೇ ಗ್ರೌಂಡ್ ಇದ್ದಾಗ ಮಾತ್ರ ಯೋಚಿಸಬಹುದು. ಅಂಥಲ್ಲಿಯೂ ಮೂಲದ ಗ್ರೌಂಡನ್ನೇ ಬೋರ್ಡಿನ ಸೆನ್ಸ್ ಟರ್ಮಿನಲ್‌ಗೆ ತಂದು ಅದಕ್ಕೆ ಹೋಲಿಸುವ ಕ್ರಮ ಬೋರ್ಡಿನಲ್ಲಿದ್ದರೆ ಅದನ್ನೇ ಬಳಸಿ.

ಎಂಟೂ ಜೋಡಿಗಳನ್ನು ಡಿಫರೆನ್ಷಿಯಲ್ ಆಗಿ ಮಾರ್ಪಡಿಸಿದ ಮೇಲೆ ಏಳು ಚಾನೆಲ್‌ಗಳು ಸರಿಯಾದವು. ಎಂಟನೆಯದು ಆರಂಭದಲ್ಲಿ ಸರಿಯಾಗಿ ತೋರಿಸಿ, ಮೆಲ್ಲಗೆ ಏರುತ್ತಾ ಹೋಗಿ, ಕೆಲವು ನಿಮಿಷಗಳಲ್ಲಿ ವ್ಯಾಪ್ತಿಯ ಮೇಲಿನ ಅಂಚಿಗೆ ಹೋಗಿ ಅಂಟಿಕೊಂಡಿತು. ಅದು ಇತ್ತೀಚೆಗೆ ಬದಲಾಯಿಸಿದ ಥರ್ಮೋಕಪಲ್. ಅದರ ಬೆಸುಗೆ ಕವಚಕ್ಕೆ ತಾಗದೆ, ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿತ್ತು. ಹೀಗೆ ಯಾವ ಗ್ರೌಂಡಿಗೂ ಸೇರದ ಮೂಲವನ್ನು ತೇಲುವ ಮೂಲ ಎನ್ನಬಹುದು. ಆಂಪ್ಲಿಫೈಯರಿನ ಒಳಹರಿವಿನಿಂದ ಅತಿ ಸಣ್ಣ ಪ್ರವಾಹವೊಂದು, ಹಲವು ಬೋರ್ಡುಗಳಲ್ಲಿ ನೂರಾರು ಪಿಕೋಆಂಪಿಯರ್‌ನಷ್ಟು, ಸದಾ ಹರಿಯುತ್ತಿರುತ್ತದೆ. ಗ್ರೌಂಡಾದ ಮೂಲದಲ್ಲಿ ಅದಕ್ಕೆ ಮರಳುವ ದಾರಿಯಿದೆ. ತೇಲುವ ಮೂಲದಲ್ಲಿ ದಾರಿಯಿಲ್ಲದೆ ಕೇಬಲ್ಲಿನ ಕೆಪಾಸಿಟೆನ್ಸನ್ನೇ ತುಂಬುತ್ತಾ ಹೋಗಿ, ಎರಡೂ ತಂತಿಗಳನ್ನು ಒಟ್ಟಿಗೆ ಮೇಲಕ್ಕೆತ್ತಿ, ಆಂಪ್ಲಿಫೈಯರಿನ ಸಹನೆಯ ಆಚೆಗೆ ತಳ್ಳುತ್ತದೆ. ಆದ್ದರಿಂದ ಋಣ ತಂತಿಯಿಂದ ಬೋರ್ಡಿನ ಗ್ರೌಂಡಿಗೆ ಒಂದು ರೆಸಿಸ್ಟರ್ ಹಾಕಿ ಆ ದಾರಿಯನ್ನು ನಾವೇ ಮಾಡಿಕೊಡಬೇಕು.

ಎಷ್ಟು ಓಮಿನದು? 10 ಕಿಲೋಓಮ್‌ನಿಂದ 100 ಕಿಲೋಓಮ್‌ವರೆಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಥರ್ಮೋಕಪಲ್‌ನ ರೋಧ ಕಡಿಮೆಯಾದ್ದರಿಂದ ನೇರವಾಗಿ ತಂತಿಯಲ್ಲೇ ಗ್ರೌಂಡಿಗೆ ಜೋಡಿಸಿದರೂ ಅಳತೆ ಸರಿಯಾಗಿ ಬರುತ್ತದೆ. ನಾನು 100 ಕಿಲೋಓಮನ್ನೇ ಹಾಕುತ್ತೇನೆ, ಅದಕ್ಕೆ ಕಾರಣವಿದೆ. ಎರಡು ವರ್ಷಗಳ ಮೇಲೆ ಯಾರೋ ಆ ಜಾಗಕ್ಕೆ ಮತ್ತೆ ಕವಚಕ್ಕೆ ಬೆಸೆದ ಥರ್ಮೋಕಪಲ್ ಹಾಕಬಹುದು. ಕೆಂಪಗೆ ಕಾದ ಮೆಗ್ನೀಸಿಯಂ ಆಕ್ಸೈಡ್ ತಾನೇ ತನ್ನ ನಿರೋಧಕ ಗುಣವನ್ನು ಸಾಕಷ್ಟು ಕಳೆದುಕೊಳ್ಳುತ್ತದೆ. ನೇರ ತಂತಿಯಿದ್ದರೆ ಅಂದು ಮೊದಲಿನ ರೋಗವೇ ಮರಳುತ್ತದೆ. 100 ಕಿಲೋಓಮ್ ಇದ್ದರೆ, ಋಣ ತಂತಿಯ ರೋಧ 35 ಓಮ್ ಎಂದು ಹಿಡಿದರೂ, ಆ 60 ಮಿಲಿವೋಲ್ಟ್‌ನಲ್ಲಿ ಸಂಕೇತಕ್ಕೆ ಬೆರೆಯುವುದು 21 ಮೈಕ್ರೋವೋಲ್ಟ್ ಎಸಿ ಮಾತ್ರ. ಅದನ್ನು ಸರಾಸರಿಯೇ ಅಳಿಸುತ್ತದೆ.

ಡಿಫರೆನ್ಷಿಯಲ್ ಕ್ರಮಕ್ಕೂ ಮಿತಿಯಿದೆ. ಧನ-ಋಣ 10 ವೋಲ್ಟ್ ವ್ಯಾಪ್ತಿಯ ಸಾಮಾನ್ಯ ಬೋರ್ಡುಗಳಲ್ಲಿ ಯಾವ ತಂತಿಯೂ ಬೋರ್ಡಿನ ಗ್ರೌಂಡಿಗಿಂತ ಸುಮಾರು 11 ವೋಲ್ಟ್‌ಗಿಂತ ಆಚೆ ಹೋಗುವಂತಿಲ್ಲ. ಒಂದೇ ಶೆಡ್ಡಿನೊಳಗೆ ಇದು ಸಾಕು. ಎರಡು ಕಟ್ಟಡಗಳಿಗೆ ಬೇರೆ ಬೇರೆ ಅರ್ತಿಂಗ್ ಗುಂಡಿಗಳಿದ್ದಾಗ ಸಾಲುವುದಿಲ್ಲ. ಈ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಗುಂಡಿಯ ರೋಧ ಏರುವುದು, ಅದಕ್ಕಾಗಿ ಗುಂಡಿಗೆ ನೀರು ಹೊಯ್ಯುವುದು ನಿಮಗೆಲ್ಲ ಗೊತ್ತಿರುವ ಸಂಗತಿ. ಒಂದು ಗುಂಡಿಗೆ ನೀರು ಬಿದ್ದು ಇನ್ನೊಂದಕ್ಕೆ ಬೀಳದಿದ್ದರೆ ಎರಡು ಗ್ರೌಂಡುಗಳ ನಡುವಿನ ವ್ಯತ್ಯಾಸ ಬೆಳೆಯುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದು ಕಟ್ಟಡದ ಹತ್ತಿರ ಸಿಡಿಲು ಬಡಿದರೆ ಆ ವ್ಯತ್ಯಾಸ ಕೆಲವು ಮೈಕ್ರೋಸೆಕೆಂಡುಗಳ ಕಾಲ ಸಾವಿರಾರು ವೋಲ್ಟ್ ಆಗುತ್ತದೆ. ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ತಂತಿಯ ಎರಡೂ ತುದಿಗಳಲ್ಲಿ ಬೋರ್ಡುಗಳು ಸುಟ್ಟುಹೋಗುವುದು ಹೀಗೆ.

ಅಂಥಲ್ಲಿ ಬೇಕಾದದ್ದು ಪ್ರತ್ಯೇಕತೆ, ಅಂದರೆ ಐಸೋಲೇಷನ್. ಸಂಕೇತವನ್ನು ಬೆಳಕಿನ, ಟ್ರಾನ್ಸ್‌ಫಾರ್ಮರಿನ ಅಥವಾ ಕೆಪಾಸಿಟರಿನ ಮೂಲಕ ದಾಟಿಸಿ, ಎರಡು ಗ್ರೌಂಡುಗಳ ನಡುವೆ ತಾಮ್ರದ ಸಂಪರ್ಕವೇ ಇಲ್ಲದಂತೆ ಮಾಡುವುದು ಇದರ ರೀತಿ. ಕೊಳ್ಳುವಾಗ ಒಂದು ಅಂಶವನ್ನು ಗಮನಿಸಿ: ಬೋರ್ಡು ಒಟ್ಟಾಗಿ ಕಂಪ್ಯೂಟರಿನಿಂದ ಪ್ರತ್ಯೇಕವಾಗಿರುವುದು ಬೇರೆ, ಒಂದು ಚಾನೆಲ್ ಇನ್ನೊಂದರಿಂದ ಪ್ರತ್ಯೇಕವಾಗಿರುವುದು ಬೇರೆ. ಮೂಲಗಳು ಬೇರೆ ಬೇರೆ ಗ್ರೌಂಡಿನಲ್ಲಿದ್ದರೆ ಎರಡನೆಯದೇ ಬೇಕು. ಸಿಡಿಲಿನ ಮಟ್ಟಿಗೆ ನನಗೆ ನೆಮ್ಮದಿ ಕೊಡುವ ಏರ್ಪಾಡು ಒಂದೇ: ಅಳತೆಯನ್ನು ಮೂಲದ ಪಕ್ಕದಲ್ಲಿಯೇ ಅಂಕಿಗಳನ್ನಾಗಿ ಮಾಡಿ, ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರಿನಲ್ಲಿ ಒಯ್ಯುವುದು.

ಅಳತೆಯನ್ನು 4ರಿಂದ 20 ಮಿಲಿಆಂಪಿಯರಿನ ಪ್ರವಾಹವಾಗಿ ಕಳಿಸುವ ಹಳೆಯ ಪದ್ಧತಿಯೂ ಇಂದಿಗೂ ಗಟ್ಟಿಯಾದದ್ದೇ, ಏಕೆಂದರೆ ತಂತಿಯ ರೋಧ ಎಷ್ಟಿದ್ದರೂ ಸರಣಿಯ ಎಲ್ಲ ಕಡೆ ಹರಿಯುವ ಪ್ರವಾಹ ಒಂದೇ. ಬೋರ್ಡಿನ ಬಳಿ 250 ಓಮಿನ ರೆಸಿಸ್ಟರ್ ಇಟ್ಟರೆ ಅದು 1ರಿಂದ 5 ವೋಲ್ಟ್ ಆಗುತ್ತದೆ. ಆ ಪ್ರವಾಹ ಕಳಿಸುವ ಟ್ರಾನ್ಸ್‌ಮಿಟರಿಗೆ ತನ್ನದೇ ಪವರ್ ಸಪ್ಲೈ ಮತ್ತು ತನ್ನದೇ ಅರ್ತ್ ಇದ್ದರೆ ಮಾತ್ರ ಇಲ್ಲಿಯೂ ಗ್ರೌಂಡಿನ ಸುತ್ತು, ಅಂದರೆ ಎರಡು ಗ್ರೌಂಡುಗಳು ಸಂಕೇತದ ತಂತಿಯ ಮೂಲಕ ಸೇರಿ ಪ್ರವಾಹ ಸುತ್ತುವ ದಾರಿ, ಹುಟ್ಟಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಶೀಲ್ಡ್ ಬಗ್ಗೆ ಒಂದು ಮಾತು. ಕೇಬಲ್ಲಿನ ಮೇಲಿನ ಲೋಹದ ಹೆಣಿಗೆ ಸಂಕೇತ ಮರಳುವ ತಂತಿಯಲ್ಲ. ಅದನ್ನು ಎರಡೂ ತುದಿಗಳಲ್ಲಿ ಅರ್ತ್ ಮಾಡಿದರೆ ಗ್ರೌಂಡುಗಳ ನಡುವಿನ ಪ್ರವಾಹ ಅದರಲ್ಲಿಯೇ ಹರಿದು, ರಕ್ಷಿಸಬೇಕಾದ ತಂತಿಗಳಿಗೇ ಗದ್ದಲ (ಬೇಡದ ವೋಲ್ಟೇಜ್ ಏರಿಳಿತ) ತುಂಬುತ್ತದೆ. ಗ್ರೌಂಡಾದ ಮೂಲವಿದ್ದರೆ ಶೀಲ್ಡನ್ನು ಮೂಲದ ತುದಿಯಲ್ಲಿ ಜೋಡಿಸಿ, ಬೋರ್ಡಿನ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿಡಿ. ಎರಡು ತಂತಿಗಳನ್ನು ಒಂದಕ್ಕೊಂದು ತಿರುಚಿರಬೇಕು, ಮೋಟಾರಿನ ಕೇಬಲ್ ಇರುವ ಟ್ರೇಯಲ್ಲಿ ಅವು ಹೋಗಬಾರದು.

ಉಪನ್ಯಾಸದ ನಂತರ ವಿದ್ಯಾರ್ಥಿಯೊಬ್ಬರು, ಲ್ಯಾಪ್‌ಟಾಪಿನ ಚಾರ್ಜರ್ ತೆಗೆದರೆ ಗದ್ದಲವೆಲ್ಲ ಹೋಗುತ್ತದೆ, ಹಾಗಾದರೆ ಚಾರ್ಜರಿನ ಅರ್ತ್ ಪಿನ್ನನ್ನೇ ಮುರಿದುಹಾಕಿದರೆ ಆಗದೆ ಎಂದು ಕೇಳಿದರು. ಚಾರ್ಜರ್ ತೆಗೆದು ನೋಡುವುದು ಒಳ್ಳೆಯ ಪರೀಕ್ಷೆ. ಸುತ್ತು ಆ ದಾರಿಯಲ್ಲಿದೆ ಎಂಬುದನ್ನು ಅದು ಖಚಿತವಾಗಿ ತೋರಿಸುತ್ತದೆ. ಪಿನ್ ಮುರಿಯುವುದು ಪರಿಹಾರವಲ್ಲ. ಆ ಪಿನ್ ಇರುವುದು ಮನುಷ್ಯನ ಜೀವಕ್ಕಾಗಿ. ಅದನ್ನು ತೆಗೆದ ಉಪಕರಣದೊಳಗೆ ನಿರೋಧಕ ಕೆಟ್ಟರೆ 230 ವೋಲ್ಟ್ ಲೋಹದ ಮೈಮೇಲೆ ಬಂದು ನಿಲ್ಲುತ್ತದೆ. ಫ್ಯೂಸ್ ಹಾರುವುದಕ್ಕೆ ದಾರಿಯೇ ಇರುವುದಿಲ್ಲ. ಆಸಿಲೋಸ್ಕೋಪಿನ ಅರ್ತ್ ಬಿಚ್ಚಿ ಅಳೆಯುವ ಅಭ್ಯಾಸಕ್ಕೂ ಇದೇ ಮಾತು. ಅರ್ತಿಂಗ್ ಹೇಗಿರಬೇಕೆಂದು ನಮ್ಮ ದೇಶದಲ್ಲಿ ಐಎಸ್ 3043 ಎಂಬ ಸಂಹಿತೆಯಿದೆ. ಸಂಕೇತ ಶುದ್ಧವಾಗಬೇಕಾದರೆ ಬದಲಾಯಿಸಬೇಕಾದದ್ದು ಸಂಕೇತದ ತಂತಿಯನ್ನು, ರಕ್ಷಣೆಯ ತಂತಿಯನ್ನು ಎಂದೂ ಮುಟ್ಟಬಾರದು.

ನಿರ್ವಹಣಾ ವಿಭಾಗದ ಇನ್ನೊಬ್ಬರು, ತಮ್ಮಲ್ಲಿ ಎರಡು ಗ್ರೌಂಡುಗಳ ನಡುವೆ ಮೀಟರ್ ಸೊನ್ನೆ ತೋರಿಸುತ್ತದೆ, ಹಾಗಿದ್ದರೆ ಸಿಂಗಲ್ ಎಂಡೆಡ್ ಸಾಕಲ್ಲವೇ ಎಂದು ಕೇಳಿದರು. ಯಾವಾಗ ಅಳೆದಿರಿ ಎಂದು ಕೇಳಿದೆ. ಭಾನುವಾರ, ಯಂತ್ರಗಳೆಲ್ಲ ನಿಂತಿದ್ದಾಗ ಎಂದರು. ಎಲ್ಲ ಡ್ರೈವ್‌ಗಳೂ ವೆಲ್ಡಿಂಗ್ ಯಂತ್ರಗಳೂ ಓಡುವ ಹೊತ್ತಿನಲ್ಲಿ, ಎಸಿ ಮತ್ತು ಡಿಸಿ ಎರಡರಲ್ಲಿಯೂ, ಮಳೆಗಾಲದಲ್ಲಿ ಒಮ್ಮೆ ಮತ್ತು ಮೇ ತಿಂಗಳಲ್ಲಿ ಒಮ್ಮೆ ಅಳೆದು ಬರೆದಿಡಲು ಹೇಳಿದೆ. ಆ ಕುಲುಮೆಯ ಪ್ಯಾನಲ್ ಬಾಗಿಲಿನ ಒಳಗೆ ನಾನು ಅಂಟಿಸಿದ ಚೀಟಿಯಲ್ಲಿಯೂ ಅಷ್ಟೇ ಇದೆ: ದಿನಾಂಕ, ಓಡುತ್ತಿದ್ದ ಯಂತ್ರಗಳು, ಎಸಿ ಎಷ್ಟು, ಡಿಸಿ ಎಷ್ಟು, ಮತ್ತು ಪ್ರತಿ ಚಾನೆಲ್‌ನ ಮುಂದೆ ಆ ಥರ್ಮೋಕಪಲ್ ಕವಚಕ್ಕೆ ಬೆಸೆದದ್ದೋ ತೇಲುವಂಥದ್ದೋ ಎಂಬ ಒಂದು ಪದ.